ಗಾಳಿಗೆ ಡೀಸೆಲ್ ಹಾಕದ ನಮ್ಮ ಭಾವ

ನಮ್ಮ ಭಾವನಿಗೆ ಈ ಭೂಮಿಯ ಮೇಲೆ ಇರುವುದು ಒಬ್ಬನೇ ಶತ್ರು. ಅವನು ದಾಯಾದಿಯಲ್ಲ, ಮನೆ ಖಾಲಿ ಮಾಡದ ಬಾಡಿಗೆಯವನಲ್ಲ, ಎದುರು ಬೀದಿಯಲ್ಲಿ ಪೈಪೋಟಿಗೆ ಅಂಗಡಿ ತೆರೆದವನೂ ಅಲ್ಲ. ಗಾಳಿ! ಹೌದು, ನಾನೂ ನೀವೂ ಪುಕ್ಕಟೆ ಉಸಿರಾಡುವ ಅದೇ ಗಾಳಿ.

ಭಾವ ಅಂದರೆ ನನ್ನ ಯಜಮಾನರ ಅಣ್ಣ. ಹೊಸಹಳ್ಳಿಯ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ. ಆ ಕಡೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ಭಾವನದು ಶಾಮಿಯಾನ, ಕುರ್ಚಿ, ಹಾಸಿಗೆ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಸಾಮಾನು ಸಾಗಿಸಲು ಒಂದು ಹಳೇ ಡೀಸೆಲ್ ಜೀಪು, ಅದರ ಹಿಂದೆ ಕೊಕ್ಕೆ ಹಾಕಿ ಎಳೆಯುವ ಎರಡು ಚಕ್ರದ ಟ್ರೇಲರು. ಆ ಟ್ರೇಲರು ತೆರೆದದ್ದಿರಬೇಕೋ ಮುಚ್ಚಿದ್ದಿರಬೇಕೋ ಎನ್ನುವುದೇ ಭಾವನಿಗೂ ಅವರ ಹೆಂಡತಿಗೂ, ಅಂದರೆ ನನ್ನ ಓರಗಿತ್ತಿ ಅಕ್ಕನಿಗೂ, ವರ್ಷಗಟ್ಟಲೆ ನಡೆದ ಜಗಳ.

ತೆರೆದ ಟ್ರೇಲರಿನಲ್ಲಿ ಟಾರ್ಪಾಲು ಹೊದಿಸಿದರೂ ಹಾಸಿಗೆಗಳು ನೆನೆಯುತ್ತಿದ್ದವು. ಒಮ್ಮೆ ಮಾಗಡಿ ರಸ್ತೆಯಲ್ಲಿ ಮೇಜಿನ ಬಟ್ಟೆಯೊಂದು ಹಾರಿ ಹಿಂದಿನ ಸ್ಕೂಟರಿನವನ ತಲೆಗೆ ಮುಸುಕು ಹಾಕಿತು. ಆತ ಬಟ್ಟೆ ವಾಪಸು ಕೊಡಲು ಅಂಗಡಿವರೆಗೂ ಬಂದು, ಅರ್ಧ ಗಂಟೆ ಬೈದು ಹೋದ. ಅಂದೇ ಅಕ್ಕ ಹಟ ಹಿಡಿದಳು.

"ಸುತ್ತ ತಗಡು ಹೊಡ್ಸಿ, ಮೇಲೆ ಮುಚ್ಚಿಸ್ರೀ!"

"ಮುಚ್ಚಿದ ಡಬ್ಬ ಅಂದ್ರೆ ಗೋಡೆ ಕಣೇ, ಗೋಡೆ! ಗೋಡೆ ಎಳ್ಕೊಂಡ್ ಹೋದ್ರೆ ಮುಂದಿರೋ ಗಾಳಿನೆಲ್ಲಾ ತಳ್ಬೇಕು. ಗಾಳಿ ತಳ್ಳೋಕೆ ನಾನ್ಯಾಕೆ ಡೀಸೆಲ್ ಹಾಕ್ಲಿ?"

"ಹಂಗಾದ್ರೆ ನೆಂದಿರೋ ಹಾಸಿಗೆ ಒಣಗ್ಸೋಕೆ ನಾನ್ಯಾಕೆ ಟೆರೇಸ್ ಹತ್ಲಿ?"

ಅಕ್ಕ ಬಾಪೂಜಿ ನಗರದ ವೆಲ್ಡಿಂಗ್ ಅಂಗಡಿಗೆ ತಾನೇ ಹೋಗಿ ಇನ್ನೊಂದು ಹಳೇ ಟ್ರೇಲರು ಕೊಂಡು, ಅದರ ಮೇಲೆ ತಗಡಿನ ಪೆಟ್ಟಿಗೆ ಕಟ್ಟಿಸಿಕೊಂಡು ಬಂದಳು. ಮನೆಯಲ್ಲಿ ಅವಕ್ಕೆ ಹೆಸರೂ ಬಿತ್ತು. ತೆರೆದದ್ದು 'ಬಯಲು', ಮುಚ್ಚಿದ್ದು 'ಡಬ್ಬ'.

ಭಾವ ಸೋಲೊಪ್ಪುವ ಜಾತಿಯೇ? "ಪರೀಕ್ಷೆ ಮಾಡೇ ಬಿಡೋಣ" ಎಂದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಹಾಗಾಗಿ ಲೆಕ್ಕ ಬರೆಯುವ ಕೆಲಸ ನನಗೆ. ಕೆಂಗೇರಿಯಿಂದ ರಾಮನಗರಕ್ಕೆ ಹೋಗಿ ಬರುವುದು. ಒಂದು ದಿನ ಬಯಲು, ಮರುದಿನ ಡಬ್ಬ. ಅದೇ ನೂರು ಕುರ್ಚಿ, ಅದೇ ಐವತ್ತರ ವೇಗ.

ಹೊರಡುವ ಮುಂಚೆ ಟ್ಯಾಂಕಿಗೆ ಕಂಠಪೂರ್ತಿ ಡೀಸೆಲ್ ತುಂಬಿಸಬೇಕಿತ್ತು. ಕಂಠ ಅಂದರೆ ಕಂಠವೇ! ಒಳಗೆ ಒಂದು ಗುಳ್ಳೆ ಗಾಳಿ ಉಳಿದರೂ ಲೆಕ್ಕ ತಪ್ಪುತ್ತದಂತೆ. ಅದಕ್ಕೆ ಬಂಕಿನಲ್ಲಿ ಭಾವ, ನನ್ನ ಯಜಮಾನರು, ನಾನು ಮೂವರೂ ಜೀಪಿನ ಒಂದು ಪಕ್ಕ ಹಿಡಿದು ಅಲ್ಲಾಡಿಸಿದೆವು. ಹಿಂದೆ ಸಾಲುಗಟ್ಟಿದ ಗಾಡಿಗಳ ಹಾರನ್ನೋ ಹಾರನ್ನು. ಆಟೋದವನೊಬ್ಬ ತಲೆ ಹೊರಗೆ ಹಾಕಿ ಕೇಳಿದ, "ಏನಣ್ಣ, ಗಾಡಿಗೆ ಜೋಗುಳಾನೂ ಹಾಡ್ತೀರಾ?"

ದಾರಿಯುದ್ದಕ್ಕೂ ನಿಯಮಗಳು. ಕಿಟಕಿಯಿಂದ ಕೈ ಹೊರಗೆ ಹಾಕುವ ಹಾಗಿಲ್ಲ. "ಸೆರಗು ಒಳಗೆ ಎಳ್ಕೊಳಮ್ಮ, ಗಾಳಿ ಹಿಡಿಯುತ್ತೆ!" ಎಂದು ನನಗೆ ಗದರಿದರು. ಎರಡನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಕೂತಾಗ ತಮ್ಮನ ವಿಚಾರಣೆ.

"ನಿನ್ನೆ ಎಷ್ಟು ಇಡ್ಲಿ ತಿಂದೆ?"

"ನಾಲ್ಕು."

"ಇವತ್ತೂ ನಾಲ್ಕೇ. ತೂಕ ಹೆಚ್ಚುಕಮ್ಮಿ ಆಗ್ಬಾರ್ದು. ಚಟ್ನಿನೂ ಅಷ್ಟೇ ಹಾಕ್ಕೊ!"

ಫಲಿತಾಂಶ ಬಂತು. ಡಬ್ಬ ಬಯಲಿಗಿಂತ ಒಂದು ಲೀಟರಿನಷ್ಟು ಹೆಚ್ಚು ಕುಡಿದಿತ್ತು! ಭಾವ ಬೀದಿಯವರಿಗೆಲ್ಲ ಕಾಫಿ ಕುಡಿಸಿದರು. ಅಕ್ಕ ಮಾತ್ರ ಶಾಂತವಾಗಿ, "ಬಯಲಿಗೆ ಟಾರ್ಪಾಲು ಹೊದಿಸ್ದೆ ಯಾವತ್ತು ಬಾಡಿಗೆಗೆ ಹೋಗಿದೀರ? ಟಾರ್ಪಾಲು ಕಟ್ಕೊಂಡು ಇನ್ನೊಂದ್ ಸಲ ಹೋಗ್ಬನ್ನಿ" ಎಂದಳು. ಹೋದೆವು. ಟಾರ್ಪಾಲು ದಾರಿಯುದ್ದಕ್ಕೂ ಪಟಪಟ ಹೊಡೆದುಕೊಂಡಿತು. ವಾಪಸು ಬಂದು ಅಳೆದರೆ, ಬಯಲು ಡಬ್ಬದಷ್ಟೇ ಕುಡಿದಿದೆ! ಭಾವ ನನ್ನ ಗುಣಾಕಾರ ಭಾಗಾಕಾರಗಳನ್ನೆಲ್ಲ ಮೂರು ಸಲ ತಿದ್ದಿಸಿದರು. ನಾನು ಮೇಷ್ಟರ ಕೆಲಸಕ್ಕೆ ಲಾಯಕ್ಕೋ ಇಲ್ಲವೋ ಎಂಬ ಅನುಮಾನವನ್ನೂ ವ್ಯಕ್ತಪಡಿಸಿದರು.

ಸಾಲದ್ದಕ್ಕೆ ನನ್ನ ಯಜಮಾನರು, "ಅಣ್ಣ, ನಾವು ಓಡಾಡೋದು ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳೋ ರೋಡಲ್ಲಿ ಐವತ್ತು ಎಲ್ಲಿ ಬಂತು? ಅಲ್ಲಿ ಗಾಳಿನಾದ್ರೂ ಎಲ್ಲಿದೆ, ಬರೀ ಹೊಗೆ!" ಎಂದುಬಿಟ್ಟರು. ಭಾವ ಎರಡು ದಿನ ವೆಲ್ಡಿಂಗ್ ಅಂಗಡಿಯಲ್ಲೇ ಠಿಕಾಣಿ ಹೂಡಿದರು.

ಮೂರನೆಯ ದಿನ ಡಬ್ಬದ ಮುಂಭಾಗಕ್ಕೆ ಚೂಪು ಮೂಗು ಬಂದಿತ್ತು. ತಗಡನ್ನು ಬಾಗಿಸಿ, ಬೆಸುಗೆ ಹಾಕಿಸಿ, ಕೆಂಪು ಬಣ್ಣ ಬಳಿಸಿದ್ದರು. "ತಳ್ಳೋದಲ್ಲಮ್ಮ, ಇನ್ಮೇಲೆ ಗಾಳಿನ ಸೀಳೋದು!" ರಾಜಾಜಿನಗರದ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದ.

"ಏನ್ರೀ ಇದು?"

"ಗಾಳಿ ಸೀಳೋದು, ಸಾರ್."

"ಮೊದ್ಲು ಲೈಸೆನ್ಸ್ ತೋರ್ಸಿ. ಆಮೇಲೆ ಸೀಳೋರಂತೆ."

ಮೂಗು ಮರುದಿನವೇ ಕಳಚಿತು. ಅಂದಿನಿಂದ ಡಬ್ಬಕ್ಕೆ ಬೀಗ ಬಿತ್ತು, ಭಾವ ಮೊಂಡು ಹಟದಿಂದ ಬಯಲನ್ನೇ ಎಳೆದರು. ಸ್ಟಿಯರಿಂಗನ್ನಂತೂ ಯಾರಿಗೂ ಮುಟ್ಟಗೊಡಲಿಲ್ಲ. ಬೇರೆಯವರ ಕಾಲು ಆಕ್ಸಿಲರೇಟರಿನ ಮೇಲೆ ಭಾರವಂತೆ!

ಆ ಹೊತ್ತಿಗೆ ನಮ್ಮ ಹಿತ್ತಲ ಕೋಣೆಗೆ ವಿಜಾಪುರದ ಕಡೆಯ ಗಂಗಕ್ಕ ಬಾಡಿಗೆಗೆ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟವಳು. ಜೋಳದ ರೊಟ್ಟಿ ಬಡಿದು ಅಂಗಡಿ ಅಂಗಡಿಗೆ ಹತ್ತು ಇಪ್ಪತ್ತು ಕೊಡುತ್ತಿದ್ದಳು. ಶ್ರಾವಣದಲ್ಲಿ ಅವಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಕೆಂಗೇರಿ ಉಪನಗರದಲ್ಲಿ ಅವಳ ಕಡೆಯವರದೇ ಮದುವೆ, ಸಾವಿರ ಖಡಕ್ ರೊಟ್ಟಿ ಬೇಕೆಂದಿದ್ದರು. ಚೆನ್ನಾಗಿ ಆದರೆ ಮುಂದಿನ ಮದುವೆಗಳೂ ಅವಳಿಗೇ. ವಾರವಿಡೀ ತಾಯಿ ಮಕ್ಕಳು ಬಡಿದರು, ಸುಟ್ಟರು, ಎಂಟು ಬುಟ್ಟಿಗಳಲ್ಲಿ ಜೋಡಿಸಿ ಬಿಳಿ ಬಟ್ಟೆ ಮುಚ್ಚಿದರು.

ಮದುವೆಯ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಒಪ್ಪಿಕೊಂಡಿದ್ದ ಟೆಂಪೋದವನು ಬರಲೇ ಇಲ್ಲ. ಗಂಗಕ್ಕ ಬಾಗಿಲಲ್ಲಿ ಬಂದು ನಿಂತಳು.

"ಒಂದ್ ಹನಿ ಬಿದ್ರ ಮೆತ್ತಗಾಗ್ತಾವ್ರೀ ಅಣ್ಣಾರ. ಗಾಡಿ ಕುಣದ್ರ ಪುಡಿಪುಡಿ ಆಗ್ತಾವ. ಏನ್ ಮಾಡ್ಲ್ರೀ ನಾ?"

ಭಾವ ಆಕಾಶ ನೋಡಿದರು. ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿಯನ್ನು ಎತ್ತಿ ನೋಡಿದರು. ಅದು ಹಪ್ಪಳದಷ್ಟು ತೆಳ್ಳಗಿತ್ತು. ಒಳಗೆ ಹೋಗಿ ಡಬ್ಬದ ಬೀಗದ ಕೈ ತಂದರು. ಹಾಸಿಗೆಗಳನ್ನು ಹಾಸಿ, ಅವುಗಳ ಮೇಲೆ ಬುಟ್ಟಿಗಳನ್ನಿಟ್ಟರು. ಆಮೇಲೆ ಮಾಡಿದ್ದನ್ನು ನೋಡಿ ಅಕ್ಕನೇ ಬಾಯಿ ಬಿಟ್ಟು ನಿಂತಳು. ಜೀಪಿನ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು, ಭಾವ ತಾವು ಡಬ್ಬದೊಳಗೆ ಹತ್ತಿ ಕೂತರು!

"ನಾನು ಒಂದ್ ಸಲ ತಟ್ಟಿದ್ರೆ ನಿಧಾನ. ಎರಡ್ ಸಲ ತಟ್ಟಿದ್ರೆ ನಿಲ್ಸು. ಎರಡನೇ ಗೇರ್ ದಾಟ್ಬೇಡ ಕಣೋ."

ಹೊರಟೆವು. ನಾನು, ಗಂಗಕ್ಕ ಮುಂದೆ ಕೂತೆವು. ನಾಯಂಡಹಳ್ಳಿ ಹತ್ತಿರ ಮಳೆ ಹಿಡಿಯಿತು, ಹೊಡೆತವೆಂದರೆ ಹೊಡೆತ. ಹಿಂದಿನಿಂದ ತಗಡಿನ ಮೇಲೆ ಭಾವ ತಟ್ಟುವುದು ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಎಂಜಿನ್ ಗೊರಗುಟ್ಟುತ್ತ ಡೀಸೆಲ್ ನುಂಗುತ್ತಿತ್ತು. ಗಂಗಕ್ಕ ಕಣ್ಣು ಮುಚ್ಚಿ ಏನೋ ಹರಕೆ ಹೊರುತ್ತಿದ್ದಳು.

ಛತ್ರದ ಮುಂದೆ ಬಾಗಿಲು ತೆಗೆದಾಗ ಒಳಗಿನ ಧಗೆ ಮುಖಕ್ಕೆ ಬಡಿಯಿತು. ಭಾವ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೊಂದು ಬುಟ್ಟಿ, ಎರಡು ಕಂಕುಳಲ್ಲಿ ಎರಡು, ಪಾದಗಳಿಗೆ ಒತ್ತಿಕೊಂಡು ಇನ್ನೊಂದು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ಎಷ್ಟ್ ಮುರದಾವ್ರೀ ಅಣ್ಣಾರ?" ಗಂಗಕ್ಕ ಬಾಗಿಲೊಳಗೆ ಬಗ್ಗಿ ಕೇಳಿದಳು.

"ಹದಿನಾರು," ಎಂದರು ಭಾವ, ತಪ್ಪು ಮಾಡಿದವರಂತೆ. "ಒಂದು ಹಂಪ್ ಗೊತ್ತಾಗ್ಲಿಲ್ಲಮ್ಮ. ಅಲ್ಲೇ ಹನ್ನೊಂದು ಹೋಯ್ತು."

ಗಂಗಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು. ಭಾವನಿಗೆ ಏಳಲು ಆಗಲಿಲ್ಲ, ಕಾಲು ಜೋಮು ಹಿಡಿದಿತ್ತು. ನಾನೂ ನನ್ನ ಯಜಮಾನರೂ ಒಂದೊಂದು ರಟ್ಟೆ ಹಿಡಿದು ಇಳಿಸಿದೆವು.

ಮದುವೆ ಮನೆಯವರು ಊಟಕ್ಕೆ ಕರೆದರು. ಭಾವ, "ಮೊದ್ಲು ಅವ್ರೆಲ್ಲ ಉಣ್ಲಿ" ಎಂದು ಊಟದ ಹಾಲಿನ ಕಂಬಕ್ಕೆ ಒರಗಿ ನಿಂತರು. ಮೊದಲ ಪಂಕ್ತಿಗೆ ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿ ಬಂತು, ರೊಟ್ಟಿ ಬಂತು. ಮರುಕ್ಷಣ ಹಾಲಿನ ಈ ತುದಿಯಿಂದ ಆ ತುದಿಯವರೆಗೂ ನೂರಾರು ಕೈಗಳು ಒಟ್ಟಿಗೇ ರೊಟ್ಟಿ ಮುರಿಯುವ ಚಟಚಟ ಸದ್ದು. ಗಂಗಕ್ಕ ಅಡುಗೆಮನೆ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ಭಾವ ಕಣ್ಣು ಮುಚ್ಚಿಕೊಂಡು, ಆ ಸದ್ದು ನಿಲ್ಲುವವರೆಗೂ ಕೇಳಿಸಿಕೊಳ್ಳುತ್ತಿದ್ದರು.