ಹಿತ್ತಲಿನ ಹಲಗೆಗಳು ಎದ್ದು ನಿಂತವು

ನಿವೃತ್ತ ಮೇಷ್ಟ್ರ ಕೋಪದಷ್ಟು ಗತಿಗೆಟ್ಟದ್ದು ಇನ್ನೊಂದಿಲ್ಲ. ಕೆಲಸದಲ್ಲಿದ್ದಾಗ ಬೆಳಿಗ್ಗೆ ಮನೆಯಲ್ಲಿ ಹುಟ್ಟಿದ ಕೋಪವನ್ನು ಹತ್ತೂವರೆಗೆ ಯಾವುದಾದರೂ ಕ್ಲಾಸಿನ ಮೇಲೆ ಇಳಿಸಿ ಹಗುರವಾಗುತ್ತಿದ್ದೆ. ಈಗ ಮನೆಯಲ್ಲಿ ನಾನು, ನನ್ನ ಹೆಂಡತಿ ಸಾವಿತ್ರಿ, ಇಬ್ಬರೇ. ಅವಳ ಮೇಲೆ ಕೋಪ ಇಳಿಸುವಂಥ ಧೈರ್ಯವಂತ ಪಾಂಡವಪುರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಈ ಬೇಸಿಗೆಯಲ್ಲಿ ಹಿತ್ತಲಿನ ಹಲಗೆಗಳು ಎದ್ದು ನಿಂತಾಗ ಬಂದ ಕೋಪವನ್ನು ಊರೊಳಕ್ಕೆ ಹೊತ್ತುಕೊಂಡು ಹೋಗಬೇಕಾಯಿತು.

ಹಲಗೆ ಎಂದರೆ ಮರದ್ದಲ್ಲ. ಮರದ ಹೊಟ್ಟನ್ನೂ ಪ್ಲಾಸ್ಟಿಕ್ಕನ್ನೂ ಕಲಸಿ ಅಚ್ಚು ಹಾಕಿದ ಕಾಂಪೋಸಿಟ್ ಹಲಗೆ. ಮೈಸೂರಿನ ನೆಂಟರೊಬ್ಬರು ತಮ್ಮ ತೋಟದಲ್ಲಿ ಇದನ್ನು ಜಗಲಿಯಂತೆ ಹಾಸಿ, ಮೇಲೆ ಬೆತ್ತದ ಕುರ್ಚಿ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು. ಅದಕ್ಕೆ ಡೆಕ್ ಅನ್ನುತ್ತಾರಂತೆ. ನೋಡಿದ ಗಳಿಗೆಯಿಂದ ನನಗೂ ಬೇಕಾಯಿತು. “ಎಲ್ಡು ಕಲ್ಲು ಚಪ್ಪಡಿ ಆಕ್ಸಿ ಕೂತ್ಕಂಡ್ರೆ ಕಾಪಿ ಗಂಟ್ಲಲ್ಲಿ ಇಳಿಯಕಿಲ್ವಾ?” ಎಂದಳು ಸಾವಿತ್ರಿ. ಅವಳ ತವರು ಕಿಕ್ಕೇರಿ. ಅಲ್ಲಿಯವರಿಗೆ ರಸಿಕತೆ ಸ್ವಲ್ಪ ಕಡಿಮೆ ಎಂದು ಮದುವೆಯಾದಾಗಿನಿಂದಲೂ ನಾನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೇನೆ.

ಕೆಲಸಕ್ಕೆ ಕರೆದದ್ದು ನಂಜುಂಡಾಚಾರಿಯನ್ನು. ನನ್ನ ಹಳೆಯ ಶಿಷ್ಯ, ಐವತ್ತರ ಹತ್ತಿರದವನು. ಬಾಗಿಲು ಕಿಟಕಿಗೆ ಸುತ್ತ ಹತ್ತೂರಿನಲ್ಲಿ ಅವನದೇ ಹೆಸರು. ಅವನು ಕೆಲಸ ಮಾಡಿದ ನಾಲ್ಕು ದಿನವೂ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತು, ಕೇಳದಿದ್ದರೂ ಸಲಹೆ ಕೊಟ್ಟೆ. ಮುಗಿದಾಗ ಹಲಗೆಗೆ ಹಲಗೆ ಅಂಟಿಕೊಂಡು, ಹಿತ್ತಲು ಅರಮನೆಯಂತಿತ್ತು. ಡೈರಿಗೆ ಹಾಲು ಹಾಕಲು ಹೋಗುತ್ತಿದ್ದವರನ್ನೂ ನಿಲ್ಲಿಸಿ ಕರೆದು ತೋರಿಸಿದೆ.

ಬಿಸಿಲು ಏರಿತು. ಒಂದು ಮಧ್ಯಾಹ್ನ ಟಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ಎರಡು ಹಲಗೆಗಳು ತಲೆಗೆ ತಲೆ ಕೊಟ್ಟು ಟಗರುಗಳ ಹಾಗೆ ಎದ್ದು ನಿಂತಿವೆ. ವಾರದೊಳಗೆ ಇನ್ನೂ ಆರು ಎದ್ದವು. ಬೆತ್ತದ ಕುರ್ಚಿ ಮಗುಚಿ ಬಿತ್ತು. ಸಾವಿತ್ರಿ ಬಂದು ನೋಡಿ, ಮಗುಚಿದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೈಯೆಲ್ಲ ಉರಿದು ಹೋಯಿತು.

ನಂಜುಂಡನ ಅಂಗಡಿಗೆ ಹೋದಾಗ ನಾಗಮಂಗಲದ ಕಡೆಯ ಯಜಮಾನರೊಬ್ಬರು ಹೊಸ ಮನೆಯ ತಲೆಬಾಗಿಲು ಮಾಡಿಸಲು ಬಂದು, ವೀಳ್ಯದ ತಟ್ಟೆ ಹಿಡಿದು ನಿಂತಿದ್ದರು. ನಾನು ಹಿಂದೆ ಮುಂದೆ ನೋಡಲಿಲ್ಲ. “ನೆಟ್ಟಗೆ ನಾಲ್ಕು ಹಲಗೆ ಕೂಡಿಸೋಕೆ ಬರಲ್ಲ, ನೀನೊಬ್ಬ ಆಚಾರೀನಾ?” ಎಂದು ಬೀದಿಗೆ ಕೇಳುವಂತೆ ಕೂಗಿದೆ. ಯಜಮಾನರು ತಟ್ಟೆಯನ್ನು ಮೆಲ್ಲಗೆ ಎದೆಗೆಳೆದುಕೊಂಡರು.

ನಂಜುಂಡ ಮರ ಉಜ್ಜುತ್ತಿದ್ದ ಕೈ ನಿಲ್ಲಿಸಿದ. “ಸಂದು ಬುಟ್ಟೇ ಜೋಡ್ಸಿದ್ದೆ ಮೇಷ್ಟ್ರೇ. ‘ಇದೇನ್ಲಾ ಹಲ್ಲುದುರಿದ ಬಾಯಿ ಇದ್ದ ಹಾಗಿದೆ, ಮುಚ್ಚು’ ಅಂದೋರು ನೀವೇ ಅಲ್ವಾ?”

ಅಂದಿದ್ದೆ. ನೆನಪಾಯಿತು. ನೆನಪಾದ ಮೇಲೆ ಕೋಪ ಇಳಿಯಬೇಕಿತ್ತು, ದುಪ್ಪಟ್ಟಾಯಿತು. “ಸಂದು ಬಿಡಬೇಕು ಅಂತ ನಿನಗೆ ಯಾವನಯ್ಯ ಹೇಳಿಕೊಟ್ಟಿದ್ದು?” ಎಂದು ಗುಡುಗಿದೆ.

“ನೀವೇ ಸಾ. ಟೇಸನ್‌ಗೆ ಕರ್ಕಂಡೋಗಿ, ರೈಲು ಕಂಬಿ ನಡುವೆ ಸಂದು ತೋರ್ಸಿ, ಬಿಸ್ಲಿಗೆ ಹಿಗ್ತದೆ ಅಂದ್ರಿ. ಮಾರ್ನೆ ದಿನ ನಾನು ಯೋಳ್ನಿಲ್ಲ ಅಂತ ಬೆಂಚ್ ಮ್ಯಾಲೆ ನಿಲ್ಸಿದ್ರಿ. ಅವತ್ತಿಂದ ಮರ್ತಿಲ್ಲ. ಆದ್ರೆ ಮುಚ್ಚು ಅಂದೋರೂ ನೀವೇ. ಮೇಷ್ಟ್ರ ಮಾತು ಮೀರಕ್ಕಾಯ್ತದಾ?”

ಯಜಮಾನರು ನನ್ನ ಮುಖ ನೋಡಿದರು. “ಅಂಗಾರೆ ಇವ್ರಿಗೆ ಬಾಗ್ಲು ಕೊಡ್ಬೋದಾ ಸ್ವಾಮಿ?”

“ಧಾರಾಳವಾಗಿ ಕೊಡಿ. ತಪ್ಪು ನನ್ನದು,” ಎಂದೆ. ಆ ಕೊನೆಯ ಎರಡು ಪದ ಹೇಳುವಷ್ಟರಲ್ಲಿ ಬೆವರಿಳಿದು ಹೋಯಿತು. ನಂಜುಂಡ ವೀಳ್ಯ ತೆಗೆದುಕೊಂಡು, ನಾಳೆ ಬಂದು ಹಲಗೆ ಬಿಚ್ಚಿ, ಸಂದು ಬಿಟ್ಟು ಮತ್ತೆ ಹಾಕಿಕೊಡುತ್ತೇನೆಂದ. “ನೀವು ಮಾತ್ರ ಒಳೀಕೇ ಇದ್ಬುಡಿ ಸಾ,” ಎಂದ.

ಕೋಪ ಇನ್ನೂ ಇಳಿದಿಲ್ಲ. ತಾನು ಕಲಿಸಿದ್ದನ್ನು ತಾನೇ ಮರೆತ ಆ ಮೇಷ್ಟ್ರನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ. ಆದರೆ ಅವರಿಗೀಗ ಮಂಡಿನೋವು, ಹತ್ತಲಾರರು.