ಶವವಾಹನದ ಹೊಸ ಟ್ಯಾಂಕ್

ಪುಣೆ ಕ್ಯಾಂಪಿನ ನಮ್ಮ ಕನ್ನಡ ಹಿತವರ್ಧಕ ಮಂಡಳಿಯ ಶವವಾಹನದ ಡೀಸೆಲ್ ಟ್ಯಾಂಕ್ ತೂತಾಗಿದೆ ಎಂಬುದನ್ನು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿತು. ಅಲ್ಲಿಯವರೆಗೆ ಅದು ಅನಧಿಕೃತವಾಗಿ ಸೋರುತ್ತಿತ್ತು.

ಗಾಡಿಗೆ ವಯಸ್ಸಾಗಿತ್ತು. ಚಾಲಕ ಹುಲಿಗೆಪ್ಪ ತೂತಿಗೆ ಬಟ್ಟೆ ಸೋಪು ತಿಕ್ಕಿ, ಮೇಲೆ ಟೇಪು ಸುತ್ತಿ ಓಡಿಸುತ್ತಿದ್ದ. ಮಳೆಗಾಲದಲ್ಲಿ ಗಾಡಿ ಹೋದ ದಾರಿಯಲ್ಲೆಲ್ಲ ನೊರೆ ಏಳುತ್ತದೆಂದು ಸಾರ್ವಜನಿಕರು ದೂರಿದ್ದರು. ಪ್ರಯಾಣಿಕರಲ್ಲಿ ಯಾರೂ ದೂರಿರಲಿಲ್ಲ.

ಶಿವಾಜಿನಗರದ ಗ್ಯಾರೇಜಿನ ಮೆಕ್ಯಾನಿಕ್ ಬಾಳು ಟ್ಯಾಂಕನ್ನು ತಟ್ಟಿ ನೋಡಿ, ಬೆಸುಗೆ ಹಿಡಿಯುವಷ್ಟು ತಗಡು ಇದರಲ್ಲಿ ಉಳಿದಿಲ್ಲ, ಗುಜರಿಯಿಂದ ಇದೇ ಅಳತೆಯದು ತಂದರೆ ಮಧ್ಯಾಹ್ನದೊಳಗೆ ಕೂರಿಸಿಕೊಡುತ್ತೇನೆ ಎಂದ. ಇಷ್ಟು ಅವಸರದ ಮನುಷ್ಯನಿಗೆ ಸಂಸ್ಥೆಯ ಕೆಲಸ ಒಪ್ಪಿಸುವುದು ತರವಲ್ಲ ಎಂದು ಅಧ್ಯಕ್ಷರಾದ ಸಿದ್ದಲಿಂಗಪ್ಪನವರು ಅಭಿಪ್ರಾಯಪಟ್ಟರು. ಅವರದು ಸೀರೆ ಅಂಗಡಿ. ಗಿರಾಕಿ ಕೇಳಿದ ಸೀರೆಯನ್ನು ಮೊದಲೇ ತೋರಿಸಿದವರಲ್ಲ.

ಹೀಗಾಗಿ ಟ್ಯಾಂಕ್ ಅಧ್ಯಯನ ಉಪಸಮಿತಿ ರಚನೆಯಾಯಿತು. ಟ್ಯಾಂಕುಗಳ ವಿಷಯದಲ್ಲಿ ಕುರಕುಂಭದ ಕೈಗಾರಿಕಾ ಪ್ರದೇಶ ಮುಂದಿದೆ ಎಂದು ಯಾರೋ ಹೇಳಿದ್ದರಿಂದ ಉಪಸಮಿತಿ ಎ.ಸಿ. ಕಾರಿನಲ್ಲಿ ಅಲ್ಲಿಗೆ ಹೋಯಿತು. ರಾಸಾಯನಿಕ ಕಾರ್ಖಾನೆಗಳ ಟ್ಯಾಂಕುಗಳನ್ನು ಕಾಂಪೌಂಡಿನ ಹೊರಗಿನಿಂದ ಪರಿಶೀಲಿಸಿತು. ಢಾಬಾದಲ್ಲಿ ಕೂತು ಸುದೀರ್ಘವಾಗಿ ಚರ್ಚಿಸಿತು. ವರದಿ ಮಾತ್ರ ಚುಟುಕಾಗಿತ್ತು: "ಅಲ್ಲಿನ ಟ್ಯಾಂಕುಗಳು ದೊಡ್ಡವು, ಸೋರುವುದಿಲ್ಲ. ನಮ್ಮದು ಸಣ್ಣದು, ಸೋರುತ್ತದೆ. ಆದಕಾರಣ ದೊಡ್ಡದನ್ನೇ ತರತಕ್ಕದ್ದು."

ಅಧ್ಯಕ್ಷರ ಅಳಿಯ ಸ್ವಪ್ನಿಲ್ ಬಳಿ ದೊಡ್ಡದೊಂದು ತಯಾರಿತ್ತು. ಅಳಿಯ ಎಂಬ ಒಂದೇ ಕಾರಣಕ್ಕೆ ಅವರಿಗೆ ಅನ್ಯಾಯವಾಗಬಾರದೆಂದು ಬೇರೆ ಯಾರನ್ನೂ ವಿಚಾರಿಸಲಿಲ್ಲ.

ಟ್ಯಾಂಕ್ ಬಂದ ದಿನ ಹುಲಿಗೆಪ್ಪ ಗಾಡಿಗೆ ಒಂದು ಸುತ್ತು ಹಾಕಿ ಬಂದು ನಿಂತ.

"ಸಾವಕಾರ್ರ, ಇದು ಕೆಳಗ ಕೂಡೂದಿಲ್ರಿ."

"ಹಂಗಾರ ಮ್ಯಾಲ ಕೂಡಸು," ಎಂದರು ಅಧ್ಯಕ್ಷರು.

ಮೇಲೆ ಇದ್ದದ್ದು ಹೆಣ ಮಲಗಿಸುವ ಜಾಗ. ಟ್ಯಾಂಕ್ ಅಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಅದರ ಮೇಲೆ ಅಧ್ಯಕ್ಷರ ಹೆಸರು ಬರೆಸಿ, ತೆಂಗಿನಕಾಯಿ ಒಡೆದು ಉದ್ಘಾಟಿಸಲಾಯಿತು. ಒಂದು ಹನಿಯೂ ಸೋರಲಿಲ್ಲ. ಇದನ್ನು ವಿರೋಧಿಗಳೂ ಒಪ್ಪಿದರು.

ಆ ವಾರವೇ ಪ್ರೇಮಾವತಿಬಾಯಿಯವರ ಯಜಮಾನರು ತೀರಿಕೊಂಡರು. ಕೋರ್ಟಿನ ನಿವೃತ್ತ ಗುಮಾಸ್ತರು. ಪ್ರತಿ ದಸರೆಗೂ ಶವವಾಹನಕ್ಕೆ ಚೆಂಡುಹೂವಿನ ಮಾಲೆ ಹಾಕಿ, ತಾನು ಹೋದರೆ ಇದರಲ್ಲೇ ಎಂದು ಹೆಂಡತಿಗೆ ಹೇಳುತ್ತಾ ಬಂದಿದ್ದವರು.

ಗಾಡಿ ಬಂದು ನಿಂತು ಹಿಂದಿನ ಬಾಗಿಲು ತೆರೆದಾಗ ಪ್ರೇಮಾವತಿಬಾಯಿ ಟ್ಯಾಂಕನ್ನು ನೋಡಿದರು. ಆಮೇಲೆ ಕಾರ್ಯದರ್ಶಿ ಸುಹಾಸರನ್ನು ನೋಡಿದರು.

"ಇವ್ರನ್ನ ಎಲ್ಲಿ ಮಲಗಸೂದ್ರಿ?"

ಕಾರ್ಯದರ್ಶಿಗಳು ಟ್ಯಾಂಕ್ ಕೂತ ಮೇಲೆ ತಿದ್ದುಪಡಿಯಾದ ನಿಯಮವನ್ನು ವಿವರಿಸಿದರು. ಶವವಾಹನವೆಂದರೆ ಶವಯಾತ್ರೆಯಲ್ಲಿ ಪಾಲ್ಗೊಳ್ಳುವ ವಾಹನ. ಅದು ಶವವನ್ನು ಹೊರತಕ್ಕದ್ದೆಂದು ಎಲ್ಲಿಯೂ ಹೇಳಿಲ್ಲ. ಪ್ರೇಮಾವತಿಬಾಯಿ ಅಲ್ಲಿಯವರೆಗೂ ಗಟ್ಟಿಯಾಗಿದ್ದರು. ಈಗ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಈ ಗಾಡಿ ಬಿಟ್ಟು ಬ್ಯಾರೆ ಗಾಡ್ಯಾಗ ಹೋಗೂದಿಲ್ಲಂತ ಹೇಳಿದ್ರು."

"ಬಿಡೂದು ಯಾಕ್ರಿ ಬಾಯಾರ? ಇದರ ಹಿಂದನ ಹೋಗ್ಲಿ."

ಓಣಿಯ ತುದಿಯಲ್ಲಿ ಸ್ವಪ್ನಿಲ್ ಅವರ ಟೆಂಪೋ ಕಾದಿತ್ತು. ಅದರಲ್ಲಿ ನಿತ್ಯ ಉಳ್ಳಾಗಡ್ಡಿ ಸಾಗಿಸುತ್ತಿದ್ದುದರಿಂದ ದೂರದ ನೆಂಟರ ಕಣ್ಣಲ್ಲೂ ನೀರು ಬಂದು ಯಾತ್ರೆಗೆ ಒಂದು ಕಳೆ ಬಂತು. ಮುಂದೆ ಶವವಾಹನ, ಹಿಂದೆ ಶವ. ಸ್ಮಶಾನದ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ. ಬೆಂಕಿ ಇರುವ ಜಾಗಕ್ಕೆ ಇಷ್ಟು ಡೀಸೆಲ್ ಬಿಡುವಂತಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಅವನ ಮಾತು ಕಾನೂನುಬದ್ಧವಾಗಿತ್ತು. ಹೀಗಾಗಿ ಊರಿನ ಎಲ್ಲ ವಾಹನಗಳಿಗೂ ಸ್ಮಶಾನಕ್ಕೆ ಪ್ರವೇಶವಿದ್ದು, ಶವವಾಹನಕ್ಕೆ ಮಾತ್ರ ಇಲ್ಲವೆಂದು ಇತ್ಯರ್ಥವಾಯಿತು. ಹುಲಿಗೆಪ್ಪ ಗಾಡಿಯನ್ನು ಹೊರಗೆ ಬೇವಿನ ಮರದ ನೆರಳಿಗೆ ಹಚ್ಚಿ ಕೂತ. ಬೇರೆ ಸಂಸ್ಕಾರ ಮುಗಿಸಿ ಬಂದವರು ತೆರೆದ ಬಾಗಿಲಲ್ಲಿ ಕಂಡ ಟ್ಯಾಂಕಿನ ಮೇಲಿನ ಹೆಸರು ಓದಿ, ಯಾರದೋ ಸಮಾಧಿ ಇರಬೇಕೆಂದು ಕೈಮುಗಿದು ಹೋದರು.

ಕ್ರಮೇಣ ಇದೇ ಪದ್ಧತಿಯಾಯಿತು. ಮುಂದೆ ಆ ಗಾಡಿ ಇಲ್ಲದ ಯಾತ್ರೆಯನ್ನು ಜನ ಬಡವರದೆಂದು ತಿಳಿಯತೊಡಗಿದರು.

ವಾರ್ಷಿಕ ಸಭೆಯಲ್ಲಿ ಪ್ರೇಮಾವತಿಬಾಯಿ ಎದ್ದು ನಿಂತಾಗ ವೇದಿಕೆಯ ಮೇಲಿದ್ದವರೆಲ್ಲ ನೀರು ಕುಡಿದರು. ಆದರೆ ಆಕೆ ದೂರಲಿಲ್ಲ.

"ಇವ್ರ ಮುಂದ ಹೋದಂಗ ನನ್ನ ಮುಂದೂ ಅದ ಗಾಡಿ ಹೋಗಬೇಕ್ರಿ. ಈಗ ಭಾಳ ಮಂದಿ ಕೇಳಾಕತ್ಯಾರಂತ. ನನ್ನ ಹೆಸರು ಮೊದಲ ಬರಕೋರಿ."

ಸಭೆ ಚಪ್ಪಾಳೆ ತಟ್ಟಿ ಅನುಮೋದಿಸಿತು. ಅಂದಾಜು ದಿನಾಂಕ ತಿಳಿಸಿದರೆ ಅನುಕೂಲವಾಗುತ್ತದೆ ಎಂದು ಕಾರ್ಯದರ್ಶಿಗಳು ವಿನಂತಿಸಿದರು. ಬ್ಯಾಂಕಿನಲ್ಲಿರುವ ಸೊಸೆ ದೀಪಾಲಿಗೆ ಯಾವಾಗ ರಜೆ ಸಿಗುತ್ತದೆಂದು ಕೇಳಿಕೊಂಡು ಹೇಳುವುದಾಗಿ ಪ್ರೇಮಾವತಿಬಾಯಿ ತಿಳಿಸಿದರು.