ಕಟ್ಟೆಯ ನಳದ ಮುಂದೆ ಭಾನುವಾರ ಕೊಡ ಇಡುವ ಬಗ್ಗೆ

ಐತಿಹಾಸಿಕ ಪೇಠೆ ದರ್ಶನ ಇಲಾಖೆ
(ಇಲಾಖೆಯ ಹೆಸರಿಗೆ ಇನ್ನೂ ಮಂಜೂರಾತಿ ದೊರೆತಿಲ್ಲ, ಸದ್ಯಕ್ಕೆ ‘ಇಲಾಖೆ’ ಎಂದೇ ಓದಿಕೊಳ್ಳತಕ್ಕದ್ದು)
ಶಾಖಾ ಕಚೇರಿ, ಮಿರಜ

ಸುತ್ತೋಲೆ ಸಂಖ್ಯೆ: ಐಪೇದ/ನಳ/ಕೊಡ/4(ಅ)

ವಿಷಯ: ಸ್ವಾತಂತ್ರ್ಯ ಹೋರಾಟಗಳಿಂದ ರೂಪುಗೊಂಡ ಪೇಠೆಯ ಭಾನುವಾರದ ಪ್ರವಾಸಿ ದರ್ಶನದ ವೇಳೆ, ಕಟ್ಟೆಯ ನಳದಲ್ಲಿ ನಿವಾಸಿಗಳು ನೀರು ತುಂಬುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಗೋಡೆಗೆ ಅಂಟಿಸಿದ ಮರುದಿನವೇ ಅದರಲ್ಲಿ ಭಡಂಗ ಚುರುಮುರಿ ಕಟ್ಟಿ ಮಾರಿರುವುದು ಕಂಡುಬಂದಿದೆ).
2) ದರ್ಶನದ ಮಾರ್ಗದರ್ಶಿ ಶ್ರೀ ಭೂಷಣ ಇವರ ಮೌಖಿಕ ದೂರು.
3) ಇಲಾಖೆಯ ಸಿಪಾಯಿ ಶ್ರೀ ದಾದಾಸಾಬ ಇವರ ಮೌಖಿಕ ನಿಟ್ಟುಸಿರು.

ಈ ಸುತ್ತೋಲೆಯ ಮರಾಠಿ ಪ್ರತಿಯು ಓದುವವರಿಗಾಗಿಯೂ, ಕನ್ನಡ ಪ್ರತಿಯು ಪಾಲಿಸುವವರಿಗಾಗಿಯೂ ಇರುತ್ತದೆ ಎಂದು ಮೊದಲಿಗೇ ಸ್ಪಷ್ಟಪಡಿಸಲಾಗಿದೆ.

ಪ್ರಸ್ತಾವನೆ:

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನಳದ ಗಲ್ಲಿಯ ನಿವಾಸಿ ಶ್ರೀಮತಿ ಕಾಂಚನ ಇವರು ಎರಡನೆಯ ಕೊಡವನ್ನು ಕಟ್ಟೆಯ ನಳದ ಕೆಳಗೆ ಇಟ್ಟು, ಅದು ತುಂಬುವಷ್ಟರಲ್ಲಿ ಮಗಳು ಕುಮಾರಿ ಸಪನಾ (ಮೂರನೆಯ ಇಯತ್ತೆ) ಇವಳಿಗೆ ಜಡೆ ಹೆಣೆಯುತ್ತಿದ್ದರು. ಕೊಡ ಅರ್ಧ, ಜಡೆ ಮುಕ್ಕಾಲು ಆಗಿದ್ದಾಗ ದರ್ಶನದ ತಂಡವು ಸ್ಥಳಕ್ಕೆ ಆಗಮಿಸಿತು. ಪ್ರವಾಸಿಗರು ತೆಗೆಯುವ ಚಿತ್ರದ ಚೌಕಟ್ಟಿನಿಂದ ಕೊಡ, ಜಡೆ ಮತ್ತು ತಾಯಿ ಮೂವರನ್ನೂ ಸರಿಸುವಂತೆ ಮಾರ್ಗದರ್ಶಿಯವರು ವಿನಂತಿಸಿದಾಗ, ಸದರಿ ತಾಯಿಯು ಕೆಳಕಂಡಂತೆ ನುಡಿದರೆಂದು ವರದಿಯಾಗಿದೆ:

“ಅರ್ಧಾ ಆಗೇತ್ರಿ ಭೂಷಣ ಭಾವು, ಇದೊಂದ ತುಂಬಲಿ. ನಿಮ್ಮ ಸ್ವಾತಂತ್ರ್ಯ ಎಲ್ಲಿ ಓಡಿ ಹೊಂಟೈತಿ?”

ಇದಕ್ಕೆ ಪ್ರವಾಸಿಗರು ನಕ್ಕರು. ಈ ನಗೆಯು ಟಿಕೆಟ್ಟಿನಲ್ಲಿ ಸೇರಿರಲಿಲ್ಲ.

ಹೊಸಬರ ತಿಳುವಳಿಕೆಗಾಗಿ ನಳದ ಬಳಿಯ ಫಲಕದ ಸಾರಾಂಶವನ್ನು ಇಲ್ಲಿ ಕೊಡಲಾಗಿದೆ. ಪೇಠೆಯ ಈ ನಳಕ್ಕೆ ಹಿಂದೊಮ್ಮೆ ಬೀಗ ಹಾಕಲಾಗಿತ್ತು. ನಳದ ಗಲ್ಲಿಯವರು ಈ ನೀರನ್ನು ಮುಟ್ಟುವಂತಿರಲಿಲ್ಲ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಒಂದು ಮುಂಜಾನೆ, ಪ್ರಭಾತಫೇರಿ ಹೊರಟಿದ್ದ ಜನರು ಗಲ್ಲಿಯ ಹೆಂಗಸರನ್ನು ಮುಂದಿಟ್ಟುಕೊಂಡು ಬಂದು, ಕಲ್ಲಿನಿಂದ ಬೀಗ ಒಡೆದು, ನೀರು ತುಂಬಿಕೊಂಡು ಹೋದರು. ಒಡೆದ ಬೀಗವನ್ನು ಈಗ ನಳದ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗಿದೆ. ಭೂಗತ ಕಾರ್ಯಕರ್ತರು ಅಡಗಿದ್ದ ವಾಡೆ, ಕರಪತ್ರ ಅಚ್ಚಾಗುತ್ತಿದ್ದ ನೆಲಮಾಳಿಗೆ ಇವೆಲ್ಲ ನೋಡಿಯಾದ ಮೇಲೆ, ದರ್ಶನವು ಈ ಪೆಟ್ಟಿಗೆಯ ಮುಂದೆ ಚಪ್ಪಾಳೆಯೊಂದಿಗೆ ಮುಕ್ತಾಯವಾಗುತ್ತದೆ.

ಇಷ್ಟು ಘನವಾದ ಹೋರಾಟದಿಂದ ದೊರೆತ ನೀರನ್ನು ನಿವಾಸಿಗಳು ದಿನನಿತ್ಯ ಕುಡಿಯುತ್ತಲೂ, ಅದರಿಂದ ಪಾತ್ರೆ ತಿಕ್ಕುತ್ತಲೂ ಇರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ದರ್ಶನದ ವೇಳೆ ನಳದ ಕೆಳಗೆ ಯಾವುದೇ ಕೊಡ, ಬಕೀಟು, ಚೊಂಬು ಅಥವಾ ಅಂಗೈ ಇಡತಕ್ಕದ್ದಲ್ಲ.

2. ದರ್ಶನದ ವೇಳೆಯನ್ನು ಬದಲಾಯಿಸಬೇಕೆಂಬ ಗಲ್ಲಿಯವರ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ನಳಕ್ಕೆ ನೀರು ಬರುವುದು ಬೆಳಿಗ್ಗೆ ಒಂದೇ ತಾಸು ಎಂಬುದು ನಿಜ. ಆದರೆ ಗಾಜಿನ ಪೆಟ್ಟಿಗೆಯ ಮೇಲೆ ಎಳೆಬಿಸಿಲು ಬೀಳುವುದೂ ಅದೇ ತಾಸಿನಲ್ಲಿ. ನೀರಿನ ವೇಳೆ ಬದಲಾಯಿಸಲು ಬೇರೊಂದು ಇಲಾಖೆಗೆ ಬರೆಯಲಾಗಿದೆ, ಉತ್ತರ ಬಂದಿಲ್ಲ. ಬಿಸಿಲಿನ ವೇಳೆ ಬದಲಾಯಿಸಲು ಯಾರಿಗೆ ಬರೆಯಬೇಕೆಂದು ತಿಳಿದುಬಂದಿಲ್ಲ. ಆದಕಾರಣ ಬಾಯಾರಿಕೆಯ ವೇಳೆಯನ್ನು ಬದಲಾಯಿಸಿಕೊಳ್ಳುವುದು ಎಲ್ಲರಿಗೂ ಅನುಕೂಲಕರ.

3. ಪ್ಲಾಸ್ಟಿಕ್ ಕೊಡಗಳು ಆ ಕಾಲದವಲ್ಲ. ಕಟ್ಟೆಯ ಮೇಲೆ ಇಡಲು ಇಲಾಖೆಯಿಂದಲೇ ಒಂದು ಹಿತ್ತಾಳೆಯ ಕೊಡವನ್ನು ಒದಗಿಸಲಾಗುವುದು. ಅದರಲ್ಲಿ ನೀರು ತುಂಬಲು ಪ್ರಯತ್ನಿಸಬಾರದು, ತಳ ತೂತಾಗಿದೆ. ಒಣಹಾಕಿದ ಲಂಗ, ನೈಟಿ, ಶಾಲೆಯ ಸಮವಸ್ತ್ರಗಳನ್ನು ಭಾನುವಾರ ಕಾಣದಂತೆ ತೆಗೆದಿಡಬೇಕು. ಅವುಗಳ ಬದಲಿಗೆ ಹಗ್ಗದ ಮೇಲೆ ಹಾಕಲು ಎರಡು ಖಾದಿ ಅಂಗಿಗಳನ್ನು ಕೊಡಲಾಗುವುದು. ಅವು ಒಣಗಿಯೇ ಬರುತ್ತವೆ.

4. ಗಲ್ಲಿಯ ಹಿರಿಯರಾದ ಶ್ರೀಮತಿ ರಾಯವ್ವ (ಕಾಂಚನ ಇವರ ಅತ್ತೆಯ ತಾಯಿ, ಬೀಗ ಒಡೆದ ದಿನ ತಮ್ಮ ತಾಯಿಯ ಕಂಕುಳಲ್ಲಿದ್ದವರು) ಇವರನ್ನು ಪ್ರವಾಸಿಗರು ಮಾತನಾಡಿಸುವಂತಿಲ್ಲ. ವಿಶ್ರಾಮಬಾಗದ ಕಾಲೇಜಿನ ಒಬ್ಬ ವಿದ್ಯಾರ್ಥಿಯು ಇವರ ಚಿತ್ರ ತೆಗೆಯಲು ಹೋದಾಗ, ಇವರು “ಏ ತಮ್ಮಾ, ಫೋಟೋ ಆಮ್ಯಾಗ ಹೊಡಿಯಂತ. ಮೊದಲ ಈ ಕೊಡ ಎತ್ತಿಸು. ನಮ್ಮ ಮನಿ ದೂರೇನಿಲ್ಲ, ಬರೇ ಏರು ಐತಿ” ಎಂದು ಹೇಳಿದ್ದಾರೆ. ಆತನು ಕೊಡ ಹೊತ್ತುಕೊಂಡು ಏರು ಹತ್ತಿ, ಚಹಾ ಕುಡಿದು, ಇನ್ನೊಂದು ಕೊಡಕ್ಕಾಗಿ ತಾನಾಗಿಯೇ ಮರಳಿ ಬಂದಿರುತ್ತಾನೆ. ಆ ವಿದ್ಯಾರ್ಥಿಯು ಈಗ ಪ್ರತಿ ಭಾನುವಾರ ಬರುತ್ತಿದ್ದು, ಟಿಕೆಟ್ಟು ಕೊಳ್ಳುತ್ತಿಲ್ಲ.

5. ಬೀಗ ಹಾಕಿದವರು ಯಾರು ಎಂಬುದನ್ನು ಮಾರ್ಗದರ್ಶಿಯು ಹೇಳತಕ್ಕದ್ದಲ್ಲ. ಫಲಕದಲ್ಲಿರುವಂತೆ ‘ಬೀಗ ಹಾಕಲಾಗಿತ್ತು’ ಎಂದಷ್ಟೇ ಹೇಳಿ, ಮಳೆ ಬಂದಿತ್ತು ಎಂಬಂತಹ ಮುಖಭಾವದಲ್ಲಿ ಮುಂದುವರಿಯತಕ್ಕದ್ದು. ಹಾಕಿದವರ ಮೊಮ್ಮಕ್ಕಳು ದರ್ಶನದ ಸ್ವಾಗತ ಸಮಿತಿಯಲ್ಲಿದ್ದು, ಪ್ರವಾಸಿಗರು ಕೂರುವ ಕುರ್ಚಿಗಳು ಅವರದೇ ದೇಣಿಗೆಯಾಗಿರುತ್ತವೆ. ಈ ಪ್ರಶ್ನೆ ಬಂದಾಗಲೆಲ್ಲ ಶ್ರೀಮತಿ ರಾಯವ್ವ ಇವರು ಮಾತನಾಡದೆ ಮುಂದಿನ ಸಾಲಿನ ಕುರ್ಚಿಗಳತ್ತ ಬೆರಳು ತೋರಿಸುತ್ತಾರೆಂಬ ದೂರು ಇದೆ. ಇನ್ನು ಮುಂದೆ ಇವರನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಲಾಗುವುದು. ಗೋಡೆಯನ್ನು ಯಾರೂ ದೇಣಿಗೆ ಕೊಟ್ಟಿಲ್ಲ.

6. ಮಾರ್ಗದರ್ಶಿ ಶ್ರೀ ಭೂಷಣ ಇವರು ಥರ್ಮಾಕೋಲಿನ ಕಲ್ಲನ್ನು ಎತ್ತಿ ಹಿಡಿದು ‘ಒಡೀರಿ ಕೀಲಿ!’ ಎಂದು ಘೋಷಣೆ ಕೂಗುವಾಗ, ಟಿಕೆಟ್ಟು ಪಡೆದವರು ಮಾತ್ರ ಮಾರುತ್ತರ ಕೊಡತಕ್ಕದ್ದು. ಗಲ್ಲಿಯವರು ಕೂಗಿದರೆ ಅದು ನಾಟಕದಂತೆ ಕೇಳಿಸುವುದಿಲ್ಲ ಎಂದು ಪ್ರವಾಸಿಗರು ತಿಳಿಸಿದ್ದಾರೆ.

7. ಹಿಂದಿನ ಸುತ್ತೋಲೆಯನ್ನು ಗಲ್ಲಿಯವರು ಪಾಲಿಸದಿದ್ದ ಕಾರಣ, ಪ್ರಾಯೋಗಿಕವಾಗಿ ಕೆಲವು ಭಾನುವಾರ ದರ್ಶನ ಮುಗಿಯುವವರೆಗೆ ನಳಕ್ಕೆ ಒಂದು ಹೊಸ ಬೀಗ ಹಾಕಲಾಗಿತ್ತು. ಹಳೆಯ ಬೀಗವಿದ್ದ ಕೊಂಡಿಗೇ ಅದನ್ನು ಹಾಕಿದ್ದರಿಂದ, ಅಂದಿನ ದೃಶ್ಯವನ್ನು ಕಲ್ಪಿಸಿಕೊಳ್ಳಲು ಅನುಕೂಲವಾಯಿತೆಂದು ಪ್ರವಾಸಿಗರು ಮೆಚ್ಚುಗೆ ವ್ಯಕ್ತಪಡಿಸಿದ್ದಾರೆ. ದರ್ಶನ ಮುಗಿದು ಬೀಗ ತೆಗೆಯುವಷ್ಟರಲ್ಲಿ ನೀರು ನಿಂತುಹೋಗಿರುತ್ತದೆ ಎಂಬುದು ಪ್ರತ್ಯೇಕ ವಿಷಯ. ಈ ಬಗ್ಗೆ ಶ್ರೀಮತಿ ಕಾಂಚನ ಇವರು ವಿಚಾರಿಸಿದಾಗ ಸಿಪಾಯಿ ಶ್ರೀ ದಾದಾಸಾಬ ಇವರು, “ನಾ ಏನ್ ಮಾಡ್ಲಿರಿ ವೈನಿ? ಕೀಲಿಕೈ ನನ್ನ ಕಡೆ ಐತಿ, ಹುಕುಂ ನನ್ನ ಕಡೆ ಇಲ್ಲ” ಎಂದು ಇಲಾಖೆಯ ನಿಲುವನ್ನು ಸಮರ್ಪಕವಾಗಿ ವಿವರಿಸಿದ್ದಾರೆ. ಮೊದಲ ದಿನ ತಮ್ಮ ಮನೆಯಿಂದ ಇವರು ಒಂದು ಕೊಡ ನೀರನ್ನು ಸದರಿ ವೈನಿಯವರಿಗೆ ತಂದುಕೊಟ್ಟ ಬಗ್ಗೆ ಪ್ರತ್ಯೇಕ ವಿವರಣೆ ಕೇಳಲಾಗಿದೆ.

8. ದರ್ಶನದ ಕೊನೆಯಲ್ಲಿ ಪ್ರಶ್ನೋತ್ತರಕ್ಕೆ ಅವಕಾಶವಿದೆ. ‘ಪಾರ್ಕಿಂಗ್ ಎಲ್ಲಿ?’, ‘ಭಡಂಗ ಎಲ್ಲಿ ಚೆನ್ನಾಗಿ ಸಿಗುತ್ತದೆ?’, ‘ಸಿತಾರ ಮಾಡುವ ಅಂಗಡಿಗಳು ಭಾನುವಾರ ತೆರೆದಿರುತ್ತವೆಯೇ?’ ಎಂಬ ಚಾರಿತ್ರಿಕ ಪ್ರಶ್ನೆಗಳನ್ನು ಈವರೆಗೆ ಸ್ವೀಕರಿಸಲಾಗಿದೆ. ಆದರೆ ಹೊಸ ಬೀಗ ಬಂದಂದಿನಿಂದ ಕುಮಾರಿ ಸಪನಾ ಇವಳು ಪ್ರತಿ ಭಾನುವಾರ, ಚಪ್ಪಾಳೆ ನಿಂತ ಕೂಡಲೇ ಕೈ ಎತ್ತಿ ನಿಲ್ಲುತ್ತಿದ್ದಾಳೆ. ಇವಳ ಬಳಿ ಟಿಕೆಟ್ಟು ಇಲ್ಲ. ಇವಳು ನಿವಾಸಿ, ನಿವಾಸಿಗಳು ದರ್ಶನದ ಭಾಗವೇ ಹೊರತು ದರ್ಶನಾರ್ಥಿಗಳಲ್ಲ. ವಾಡೆಯ ಕಂಬವು ಪ್ರಶ್ನೆ ಕೇಳಿದಂತೆ ಇದು ಅಸಂಗತ.

ಸಮಾಧಾನದ ಸಂಗತಿಯೆಂದರೆ, ಪ್ರತಿ ಸಲವೂ ತಾಯಿಯೇ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತಮ್ಮ ಅಂಗೈಯಲ್ಲಿ ಹಿಡಿದುಕೊಂಡು, “ಇರ್ಲಿ ಬಾಳಾ, ಈಗ ಬ್ಯಾಡ. ಅವರು ಕೀಲಿ ತಗೀಲಿ. ಉಳದಷ್ಟ ನೀರ ತುಂಬಕೊಂಡು ಆಮ್ಯಾಗ ಕೇಳೂಣು, ಹಾಂ?” ಎಂದು ಹೇಳುತ್ತಾ ಬಂದಿದ್ದಾರೆ. ಮಗುವೂ ಕೇಳಿಕೊಂಡು ಸುಮ್ಮನಾಗುತ್ತಾ ಬಂದಿದೆ. ಪ್ರಶ್ನೆ ಏನೆಂದು ಇಲಾಖೆಗೆ ತಿಳಿದಿಲ್ಲ. ತಿಳಿಯುವ ಅಗತ್ಯವೂ ಕಂಡುಬಂದಿಲ್ಲ. ತಾಯಿಯವರ ತಾಳ್ಮೆಯನ್ನು ಇಲಾಖೆಯು ಪ್ರಶಂಸಿಸುತ್ತದೆ ಮತ್ತು ಮುಂದೆಯೂ ಅದರ ಮೇಲೆಯೇ ಅವಲಂಬಿಸಿರುತ್ತದೆ.

9. ಪ್ರಯೋಗವು ಯಶಸ್ವಿಯಾಗಿರುವುದರಿಂದ, ಈ ಭಾನುವಾರದಿಂದ ಬೀಗವನ್ನು ಕಾಯಂಗೊಳಿಸಲಾಗಿದೆ. ದರ್ಶನದ ನಂತರವೂ ಆ ದಿನ ಅದನ್ನು ತೆಗೆಯಲಾಗುವುದಿಲ್ಲ. ನೀರು ನಿಂತ ಮೇಲೆ ತೆಗೆಯುವುದು ನಿರರ್ಥಕ ಎಂದು ಗಲ್ಲಿಯವರೇ ದೂರಿರುವುದನ್ನು ಇಲ್ಲಿ ಪರಿಗಣಿಸಲಾಗಿದೆ. ಭಾನುವಾರದ ನೀರನ್ನು ಶನಿವಾರವೇ ಕುಡಿದಿಟ್ಟುಕೊಳ್ಳತಕ್ಕದ್ದು.

10. ಬೀಗಕ್ಕೆ ಹಾನಿ ಮಾಡಿದವರ ಮೇಲೆ ಕ್ರಮ ಜರುಗಿಸಲಾಗುವುದು. ಗಾಜಿನ ಪೆಟ್ಟಿಗೆಯಲ್ಲಿರುವ ಬೀಗಕ್ಕೆ ಹಾನಿ ಮಾಡಿದವರಿಗೆ ಈ ಕಲಮು ಅನ್ವಯಿಸುವುದಿಲ್ಲ. ಅವರಿಗೆ ಮುಂಬರುವ ರಾಷ್ಟ್ರೀಯ ಹಬ್ಬದಂದು ಮರಣೋತ್ತರ ಶಾಲು ಹೊದಿಸಲಾಗುವುದು.

(ಸಹಿ ಅಸ್ಪಷ್ಟ)
ಪ್ರಭಾರಿ ಅಧಿಕಾರಿ
(ಕಾಯಂ ಅಧಿಕಾರಿಯವರು ಬೇರೊಂದು ಪೇಠೆಯ ದರ್ಶನದಲ್ಲಿದ್ದಾರೆ)

ಪ್ರತಿಗಳು:
ಸ್ವಾಗತ ಸಮಿತಿಯ ಸದಸ್ಯರಿಗೆ, ಆದರಪೂರ್ವಕವಾಗಿ, ಅವರದೇ ಕುರ್ಚಿಗಳ ಮೇಲೆ.
ಮಾರ್ಗದರ್ಶಿ ಶ್ರೀ ಭೂಷಣ ಇವರಿಗೆ, ಬಾಯಿಪಾಠ ಮಾಡಲು.
ನೀರಿನ ಇಲಾಖೆಗೆ, ಉತ್ತರಿಸದಿರಲು.
ಭಡಂಗದ ಅಂಗಡಿಗೆ, ನೇರವಾಗಿ. ಗೋಡೆಯ ಮೂಲಕ ಹೋಗುವ ಶ್ರಮ ತಪ್ಪಿಸಲು.
ಶ್ರೀಮತಿ ರಾಯವ್ವ ಇವರಿಗೆ, ಗೋಡೆಯ ಮೇಲೆ, ಅವರ ಮುಖದ ಎತ್ತರಕ್ಕೆ.
ಕಚೇರಿ ಪ್ರತಿ. ಇದರೊಂದಿಗೆ ಸಿಪಾಯಿಯ ವರದಿಯನ್ನು ಲಗತ್ತಿಸಿದೆ.

ಲಗತ್ತು: ಸುತ್ತೋಲೆ ಅಂಟಿಸಿದ ಬಗ್ಗೆ ಸಿಪಾಯಿ ಶ್ರೀ ದಾದಾಸಾಬ ಇವರ ವರದಿ

ಈ ದಿನ ಭಾನುವಾರ ಬೆಳಿಗ್ಗೆ, ದರ್ಶನ ನಡೆಯುತ್ತಿರುವಾಗಲೇ ಸುತ್ತೋಲೆಯನ್ನು ಗೋಡೆಗೆ ಅಂಟಿಸಿದ್ದೇನೆ. ಗಲ್ಲಿಯವರು ಕೇಳಿದ್ದರಿಂದ ಒಂಬತ್ತನೆಯ ಕಲಮನ್ನು ಓದಿ ಹೇಳಿದ್ದೇನೆ. ಕಾಂಚನ ವೈನಿಯವರು “ಅಂದ್ರ ಇವತ್ತ ತಗಿಯೂದ ಇಲ್ಲೇನ್ರಿ?” ಎಂದು ಕೇಳಿದರು. ಇಲ್ಲ ಎಂದು ತಿಳಿಸಿದ್ದೇನೆ. ಅವರು ಜಗಳ ಮಾಡಲಿಲ್ಲ. ಖಾಲಿ ಕೊಡವನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು, ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಜಡೆಯನ್ನು ತುದಿಯವರೆಗೆ ಹೆಣೆದು ರಿಬ್ಬನ್ ಕಟ್ಟಿದರು. ಅಷ್ಟರಲ್ಲಿ ಭೂಷಣ ಅವರು ಥರ್ಮಾಕೋಲಿನ ಕಲ್ಲು ಎತ್ತಿದರು. ಚಪ್ಪಾಳೆ ಆಯಿತು. ಮಗು ಕೈ ಎತ್ತಿತು. ಎತ್ತಿದ ಮೇಲೆ ರೂಢಿಯಂತೆ ತಾಯಿಯ ಮುಖ ನೋಡಿತು.

ತಾಯಿಯವರು ಈ ಸಲ ಕೈ ಇಳಿಸಲಿಲ್ಲ. “ಕೇಳ ಬಾಳಾ,” ಎಂದರು. “ತುಂಬೂದ ಏನೂ ಉಳದಿಲ್ಲ ಈಗ. ಕೇಳು.”

ಮಗುವು ಮೊದಲು ಗಾಜಿನ ಪೆಟ್ಟಿಗೆಯನ್ನು, ಆಮೇಲೆ ನಳವನ್ನು ತೋರಿಸಿ, ಎಲ್ಲರಿಗೂ ಕೇಳಿಸುವಂತೆ ಕೇಳಿತು:

“ಭೂಷಣ ಕಾಕಾ, ಆ ಕೀಲಿ ಒಡದ್ರು. ಈ ಕೀಲಿ ಯಾವಾಗ ಒಡೀತೀರಿ?”